ಮರದ ಮನೆಯ ಬಾತ್‌ರೂಮಿಗೆ ಬಿಸಿ ಕಲ್ಲಿನ ನೆಲ: ಮೊದಲು ಜಂತೆಗಳನ್ನು ನೋಡಿ

ಅಮೆರಿಕದ ಮಿನೆಸೋಟದಲ್ಲಿರುವ ನಿಮ್ಮ ಮರದ ಮನೆಯ ಮಹಡಿಯ ಬಾತ್‌ರೂಮಿಗೆ ಅಮೃತಶಿಲೆ ಹಾಸಿ, ಅದರಡಿ ವಿದ್ಯುತ್ ಕೇಬಲ್ ಎಳೆದು ಬಿಸಿ ಮಾಡಿದರೆ ಈಗಿರುವ ನೆಲ ತಾಳುತ್ತದೆಯೇ ಎಂದು ಕೇಳಿದ್ದೀರಿ. ಇಂಥ ಮನೆಗಳ ನೆಲ ಗಟ್ಟಿಮಾಡುವ ಕೆಲಸದಲ್ಲೇ ಇರುವ ನನಗೆ ಕೇಬಲ್ಲಿಗಿಂತ ನೆಲವನ್ನು ಹೊರುವ ಅಡ್ಡ ಮರಗಳಾದ ಜಂತೆಗಳದ್ದೇ ಚಿಂತೆ.

ನಮ್ಮ ಊರುಗಳಲ್ಲಿ ಆರ್‌ಸಿಸಿ ಸ್ಲ್ಯಾಬಿನ ಮೇಲೆ ಗ್ರಾನೈಟ್ ಹಾಸುವಾಗ ಈ ಪ್ರಶ್ನೆ ಏಳುವುದೇ ಅಪರೂಪ. ಮರದ ಜಂತೆ ಮಾತ್ರ ಭಾರವನ್ನು ಸಲೀಸಾಗಿ ಹೊತ್ತರೂ ನಡೆದಾಗಲೆಲ್ಲ ಒಂದಿಷ್ಟು ಬಾಗುತ್ತದೆ. ಅದರೊಡನೆ ಬಾಗಲಾರದ ಕಲ್ಲು ಬಿರುಕು ಬಿಡುತ್ತದೆ. ಆದ್ದರಿಂದಲೇ ಅಲ್ಲಿ ಸಿರಾಮಿಕ್ ಟೈಲಿಗೆ ಜಂತೆಯ ಬಾಗು ಅದರ ಉದ್ದದ 360ನೇ ಒಂದು ಭಾಗವನ್ನು ಮೀರಬಾರದೆಂದೂ, ನೈಸರ್ಗಿಕ ಕಲ್ಲಿಗೆ 720ನೇ ಒಂದು ಭಾಗವನ್ನು ಮೀರಬಾರದೆಂದೂ ಲೆಕ್ಕ ಹಾಕುತ್ತಾರೆ. ಆಸರೆಯಿಂದ ಆಸರೆಗೆ 12 ಅಡಿ ಇರುವ ಜಂತೆಗೆ ಕಲ್ಲಿನ ಈ ಮಿತಿ ಸುಮಾರು 5 ಮಿ.ಮೀ. ಮಾತ್ರ. ನಿಮ್ಮ ನೆಲ ಮೊದಲ ಮಿತಿಯನ್ನಷ್ಟೇ ಮುಟ್ಟುವಂತಿದ್ದರೆ, ಪ್ರತಿ ಜಂತೆಯ ಪಕ್ಕಕ್ಕೂ ಅದೇ ಅಳತೆಯ ಇನ್ನೊಂದನ್ನು ಆಸರೆಯಿಂದ ಆಸರೆಯವರೆಗೆ ಅಂಟು, ಬೋಲ್ಟ್ ಹಾಕಿ ಜೋಡಿಸಿದಾಗ ಬಿಗುವು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಕೆಳಗಿನ ಕೋಣೆಯ ಸೀಲಿಂಗ್ ಬಿಚ್ಚಿ ಕಮೋಡಿನ ಪೈಪು ಹಾದುಹೋಗುವ ಜಾಗವನ್ನು ತಪ್ಪದೆ ನೋಡಿ. ಪ್ಲಂಬರುಗಳು ಪೈಪಿಗೆ ದಾರಿ ಮಾಡಲು ಜಂತೆಯನ್ನೇ ಅರ್ಧ ಕೊಯ್ದಿರುವುದು ಕಾಣದ ಸಂಗತಿಯೇನಲ್ಲ. ಅಲ್ಲಿನ ವಸತಿ ಕಟ್ಟಡ ನಿಯಮದಂತೆ ಜಂತೆಯ ನಡುವಿನ ಮೂರನೇ ಒಂದು ಭಾಗದಲ್ಲಿ ಕಚ್ಚು ಹಾಕುವಂತೆಯೇ ಇಲ್ಲ, ರಂಧ್ರವೂ ಜಂತೆಯ ಎತ್ತರದ ಮೂರನೇ ಒಂದನ್ನು ಮೀರುವಂತಿಲ್ಲ.

ಕಲ್ಲಿಗೆ ಒಂದೇ ಪದರದ ಪ್ಲೈವುಡ್ ಸಾಲದು. ಎರಡನೆಯ ಪದರವನ್ನು ಮೊದಲಿನದರ ಸಂದುಗಳ ಮೇಲೆ ಸಂದು ಬಾರದಂತೆ ಕೂರಿಸಿ, ಅದರ ಸ್ಕ್ರೂಗಳು ಕೆಳಗಿನ ಪ್ಲೈವುಡ್ಡಿಗೆ ಮಾತ್ರ ಕಚ್ಚಲಿ, ಜಂತೆಗೆ ಇಳಿಯದಿರಲಿ. ಅದರ ಮೇಲೆ ಮರದ ಹಿಗ್ಗು ಕುಗ್ಗುಗಳು ಕಲ್ಲಿಗೆ ತಾಗದಂತೆ ತಡೆಯುವ ಪ್ಲಾಸ್ಟಿಕ್ ಹಾಸು, ಅದರ ತೋಡುಗಳಲ್ಲಿ ಕೇಬಲ್, ಆಮೇಲೆ ಗಾರೆ ಮತ್ತು ಕಲ್ಲು. ಗೋಡೆಯಂಚಿಗೆ ಕಾಲು ಇಂಚು ಸಂದು ಬಿಡಿ.

ಕೇಬಲ್ಲನ್ನು ಎಲ್ಲಿಯೂ ಕತ್ತರಿಸಬೇಡಿ. ಕೇಬಲ್ ಎಳೆಯುವ ಮೊದಲು, ಎಳೆದ ಮೇಲೆ, ಕಲ್ಲು ಕೂರಿಸಿದ ಮೇಲೆ ಅದರ ವಿದ್ಯುತ್ ರೋಧವನ್ನು (ರೆಸಿಸ್ಟೆನ್ಸ್) ಮಲ್ಟಿಮೀಟರಿನಿಂದ ಅಳೆದು ಬರೆದಿಡಿ. ಗಾರೆ ಪೂರ್ತಿ ಗಟ್ಟಿಯಾಗುವ ತನಕ ಬಿಸಿ ಹಚ್ಚಬೇಡಿ. ಜಂತೆಗಳನ್ನು ಬಲಪಡಿಸಲು ಸಾಧ್ಯವೇ ಇಲ್ಲವೆಂದಾದರೆ ಅಮೃತಶಿಲೆಯನ್ನು ಬಿಟ್ಟು, ಅದೇ ನೋಟದ ಪೋರ್ಸಲಿನ್ ಟೈಲನ್ನು ಆರಿಸಿಕೊಳ್ಳಿ; ಅದಕ್ಕೆ 360ರ ಮಿತಿಯೇ ಸಾಕು.