ಕಸಿಕಡ್ಡಿ ಕೊಡುವ ಮೊದಲು ತಳಿಗೆ ಹೆಸರಿಡಿ

ಬೀಜದಿಂದ ಎದ್ದ ಹಲಸಿನ ಮರ ಅಪರೂಪದ ಹಣ್ಣು ಕೊಟ್ಟಿದೆ, ಪೇಟೆಂಟ್ ಸಿಗುವವರೆಗೆ ಕಸಿಕಡ್ಡಿಯನ್ನು (ಕಸಿ ಕಟ್ಟಲು ಮರದಿಂದ ಕತ್ತರಿಸುವ ರೆಂಬೆಯ ತುಂಡನ್ನು) ಯಾರಿಗೂ ಕೊಡಬಾರದೇ ಎಂದು ಕೇಳಿದ್ದೀರಿ. ಹದಿನೈದು ವರ್ಷಗಳ ಹಿಂದೆ ನನಗೂ ಇದೇ ಭಯವಿತ್ತು.

ನಾನು ಹಿತ್ತಿಲಲ್ಲಿ ಬಿತ್ತಿದ ನಲವತ್ತು ಬೀಜಗಳ ಪೈಕಿ ಒಂದೇ ಮರ, ಒಂಬತ್ತನೆಯ ವರ್ಷ, ಕೇಸರಿ ಬಣ್ಣದ ತೊಳೆಯ ಹಣ್ಣು ಬಿಟ್ಟಿತು. ಮೇಣ ಎಷ್ಟು ಕಡಿಮೆಯೆಂದರೆ ಕತ್ತಿಗೆ ಎಣ್ಣೆ ಸವರದೆಯೇ ಹೆಚ್ಚಬಹುದಾಗಿತ್ತು. ಕದ್ದಾರೆಂದು ಹೆದರಿ ನೆಂಟರಿಗೂ ಕಡ್ಡಿ ಕೊಡಲಿಲ್ಲ. ಕೊನೆಗೆ ನಂಬಿದ ಒಬ್ಬ ನರ್ಸರಿಯವರಿಗೆ ಮಾತ್ರ ಹನ್ನೆರಡು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟೆ. ನಾನು ಎಡವಿದ್ದು ಇಲ್ಲಿಯೇ. ತಳಿಗೆ ಹೆಸರಿಟ್ಟಿರಲಿಲ್ಲ, ಹಣ್ಣಿನ ಫೋಟೊ, ತೂಕ, ಕಡ್ಡಿ ಕೊಟ್ಟ ದಿನಾಂಕ, ಪಡೆದವರ ಸಹಿ ಒಂದೂ ಇರಲಿಲ್ಲ, ಒಬ್ಬರಿಗೇ ಕೊಟ್ಟಿದ್ದರಿಂದ ಇದು ಇಂಥವರ ಹಿತ್ತಿಲಿನದೆಂದು ಹೇಳಬಲ್ಲ ಎರಡನೆಯ ಮನುಷ್ಯನೂ ಇರಲಿಲ್ಲ. ಹತ್ತು ಮನೆಗಳಿಗೆ ಹೆಸರು ಹೇಳಿ ಹಂಚಿದ್ದರೆ ಹತ್ತೂ ಮನೆಯವರು ಸಾಕ್ಷಿಯಾಗುತ್ತಿದ್ದರು. ಮರುವರ್ಷದ ಮಳೆಗಾಲದಲ್ಲಿ ತಾಯಿಮರ ಬುಡಸಮೇತ ಉರುಳಿತು. ಮುಂದೆ ಅದೇ ನರ್ಸರಿಯಿಂದ, ಅವರ ಮನೆತನದ ಹೆಸರು ಹೊತ್ತ ಗಿಡವೊಂದನ್ನು ದುಡ್ಡು ಕೊಟ್ಟು ತಂದು ನೆಟ್ಟೆ. ಮೊದಲ ಹಣ್ಣನ್ನು ಹೆಚ್ಚಿದಾಗ ನನ್ನ ಮರವೇ ಎಂದು ತಿಳಿಯಿತು.

ಆದ್ದರಿಂದ ಬಚ್ಚಿಡುವ ಯೋಚನೆಯನ್ನೇ ಬಿಡಿ. ನಮ್ಮ ದೇಶದಲ್ಲಿ ಸಸ್ಯ ತಳಿಗೆ ಪೇಟೆಂಟ್ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಾಯಿಸಿದರೆ ಮರಗಳಿಗೆ ಗರಿಷ್ಠ 18 ವರ್ಷ ರಕ್ಷಣೆ ಸಿಗುತ್ತದೆ. ಹೊಸ ತಳಿಯಾದರೆ ದೇಶದೊಳಗೆ ಮಾರಾಟ ಆರಂಭಿಸಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಈಗಾಗಲೇ ಎಲ್ಲರಿಗೂ ತಿಳಿದಿರುವ ತಳಿಯನ್ನು ಬೇರೆಯವರು ಹೊಸದೆಂದು ನೋಂದಾಯಿಸಲು ಆ ಕಾಯ್ದೆ ಬಿಡುವುದಿಲ್ಲ. ಹೆಸರು, ದಾಖಲೆಗಳೊಡನೆ ಬಹಿರಂಗವಾಗಿ ಹಂಚುವುದರ ಬಲ ಇದು. ತುಮಕೂರು ಜಿಲ್ಲೆಯ ‘ಸಿದ್ದು’ ಹಲಸನ್ನು ನೋಡಿ: ಅದರ ಮಾಲೀಕರು ಮರ ನೆಟ್ಟ ತಮ್ಮ ತಂದೆಯ ಹೆಸರನ್ನೇ ತಳಿಗಿಟ್ಟರು, 2017ರಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಕಸಿಗಿಡಗಳು ಊರೂರು ಸೇರಿದರೂ ಅದು ಯಾರ ಮರವೆಂಬುದು ಮರೆಯಾಗಲಿಲ್ಲ.

ನಾನು ಆರಿಸಿದ ಎರಡನೆಯ ತಳಿಗೆ ಅಮ್ಮನ ಹೆಸರಿಟ್ಟಿದ್ದೇನೆ. ಕಡ್ಡಿ ಕೇಳಿದವರಿಗೆಲ್ಲ ಬಿಟ್ಟಿಯಾಗಿ ಕೊಡುತ್ತೇನೆ. ಹೆಸರು ಬದಲಿಸುವುದಿಲ್ಲ, ಕೇಳಿದವರಿಗೆ ಕಡ್ಡಿ ಕೊಡಲು ನಿರಾಕರಿಸುವುದಿಲ್ಲ ಎಂದು ಪಡೆದವರು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಾರೆ. ನಿಮ್ಮ ಮರ ಸದ್ಯಕ್ಕೆ ಒಂದೇ ಇದೆ. ಈ ಮಳೆಗಾಲದ ಗಾಳಿ ಏಳುವ ಮೊದಲೇ, ಬೇರೆ ಬೇರೆ ಊರಿನ ಐದು ಮನೆಗಳಿಗಾದರೂ ಅದರ ಕಡ್ಡಿ ತಲುಪಿಸಿ.