ಉದ್ಯೋಗಸ್ಥೆಯರ ಪ್ರಶ್ನೋತ್ತರ: ರಾಜೀನಾಮೆಗೆ ಸಹಿ ಹಾಕುವ ಮುನ್ನ

ಈ ತಿಂಗಳು ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತವಳಾದ್ದರಿಂದ, ಹೆಣ್ಣುಮಕ್ಕಳ ಅಹವಾಲುಗಳು ಎಲ್ಲಿ ಬಿದ್ದುಹೋಗುತ್ತವೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಹಕ್ಕಿಲ್ಲದೆ ಸೋತವರಿಗಿಂತ, ತಾರೀಖು ಹಾಕಿದ ಒಂದು ಕಾಗದವಿಲ್ಲದೆ ಸೋತವರೇ ಹೆಚ್ಚು. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಸುಮಾರು ಇನ್ನೂರು ನೌಕರರಿರುವ ಖಾಸಗಿ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. 26 ವಾರಗಳ ಹೆರಿಗೆ ರಜೆ ಮುಗಿಸಿ ಹಿಂದಿರುಗುವಷ್ಟರಲ್ಲಿ ನನ್ನ ತಂಡವನ್ನು ಬೇರೊಬ್ಬರಿಗೆ ಒಪ್ಪಿಸಿದ್ದರು. ಈಗ ನನಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಮೊನ್ನೆ ಎಚ್‌ಆರ್ ಮ್ಯಾನೇಜರ್ ಕರೆದು, ‘ಮಗು ಚಿಕ್ಕದು, ನಿಮಗೂ ಕಷ್ಟ, ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡುತ್ತೇವೆ’ ಎಂದರು. ಶುಕ್ರವಾರದೊಳಗೆ ತಿಳಿಸಬೇಕಂತೆ. ಅತ್ತೆಯವರೂ ‘ಬಿಟ್ಟುಬಿಡು’ ಎನ್ನುತ್ತಿದ್ದಾರೆ. ಮಗುವಿಗೆ ಎಂಟು ತಿಂಗಳು. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಶುಕ್ರವಾರ ಕಳೆಯುವ ಮುನ್ನವೇ ಇದರ ಸಾರವನ್ನು ಇಮೇಲಿನಲ್ಲಿ ತಿಳಿಸಿದ್ದೆ. ಇದೇ ಇಕ್ಕಟ್ಟಿನಲ್ಲಿರುವ ಇತರರೂ ಓದಲೆಂದು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ರಾಜೀನಾಮೆ ಬರೆಯಬೇಡಿ. ಕೆಲಸ ಬಿಡುವುದು ತಪ್ಪೆಂದು ಹೀಗೆ ಹೇಳುತ್ತಿಲ್ಲ. ಬಿಡುವ ತೀರ್ಮಾನ ನಿಮ್ಮದಾಗಿರಬೇಕು, ಅದರ ಗಡುವನ್ನು ಅವರು ಗೊತ್ತುಮಾಡಬಾರದು ಎಂಬುದಷ್ಟೇ ನನ್ನ ಮಾತು. ನಾನಿದ್ದ ಕಾರ್ಖಾನೆಯಲ್ಲಿ ಇಂಥ ಸಂದರ್ಭಕ್ಕೆಂದೇ ಮೊದಲೇ ಟೈಪು ಮಾಡಿಟ್ಟ ಹಾಳೆಯೊಂದಿತ್ತು. ‘ನನ್ನ ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ’ ಎಂಬ ಸಾಲು ಅದರಲ್ಲಿ ಅಚ್ಚಾಗಿರುತ್ತಿತ್ತು, ತಾರೀಖಿನ ಜಾಗ ಮತ್ತು ಸಹಿಯ ಜಾಗ ಮಾತ್ರ ಖಾಲಿ. ಆ ಹಾಳೆಯನ್ನು ಹೆಣ್ಣುಮಕ್ಕಳ ಮುಂದೆ ನಾನೇ ಸರಿಸಿದ ದಿನಗಳುಂಟು, ಅದು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ. ‘ಸ್ವಇಚ್ಛೆ’ ಎಂಬ ಒಂದು ಪದದ ಕೆಳಗೆ ನಿಮ್ಮ ಸಹಿ ಬಿದ್ದರೆ, ಒತ್ತಾಯವಿತ್ತೆಂದು ಸಾಬೀತುಮಾಡುವ ಹೊರೆಯೆಲ್ಲ ನಿಮ್ಮ ತಲೆಯ ಮೇಲೆ ಬರುತ್ತದೆ.

ಕಾನೂನಿನ ಬಲ ನಿಮಗೆ ಚೆನ್ನಾಗಿಯೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆ ನಿಯಮಗಳೇ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹೆರಿಗೆ ರಜೆಯ ಅವಧಿಯಲ್ಲಿ ಮಾತ್ರವಲ್ಲ, ಆ ರಜೆಯ ಕಾರಣದಿಂದಲೂ ಮಹಿಳೆಯನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ, ಮತ್ತು ರಜೆಯಲ್ಲಿದ್ದಾಗ ಅವಳ ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ‘ಕಾರಣದಿಂದ’ ಎಂಬ ಆ ಪದವನ್ನು ಗಮನಿಸಿ, ರಜೆ ಮುಗಿಸಿ ಬಂದ ನಿಮ್ಮಂಥವರಿಗೆ ಆಸರೆಯಾಗುವುದು ಅದೇ. ಇದಲ್ಲದೆ ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳಿವೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕು. ನಿಮ್ಮಲ್ಲಿ ಇನ್ನೂರು ಮಂದಿ ಇದ್ದಾರೆ. ‘ಮಗು ಚಿಕ್ಕದು’ ಎಂದು ಮರುಗಿದ ಮ್ಯಾನೇಜರರು ಆ ಕೇಂದ್ರ ಎಲ್ಲಿದೆ ಎಂಬುದನ್ನೂ ತೋರಿಸಬಹುದಿತ್ತು.

ಈಗ ಮಾಡಬೇಕಾದ ಕೆಲಸ. ಬಾಯಿಮಾತಿನಲ್ಲಿ ನಡೆದದ್ದನ್ನು ಬರಹಕ್ಕಿಳಿಸಿ. ಎಚ್‌ಆರ್ ವಿಭಾಗಕ್ಕೆ, ನಿಮ್ಮ ನೇರ ಮೇಲಧಿಕಾರಿಗೂ ಪ್ರತಿ ಹೋಗುವಂತೆ, ಕೋಪವಿಲ್ಲದ ಮೂರು ಸಾಲಿನ ಇಮೇಲ್ ಸಾಕು: ‘ಇಂಥ ದಿನಾಂಕದಂದು ನಡೆದ ಮಾತುಕತೆಯಲ್ಲಿ ರಾಜೀನಾಮೆ ನೀಡುವಂತೆ ನನಗೆ ಸೂಚಿಸಲಾಯಿತು. ರಾಜೀನಾಮೆ ನೀಡುವ ಉದ್ದೇಶ ನನಗಿಲ್ಲ. ಹೆರಿಗೆ ರಜೆಗೆ ಮುನ್ನ ನಾನು ನಿರ್ವಹಿಸುತ್ತಿದ್ದ ಜವಾಬ್ದಾರಿಯನ್ನು ಅಥವಾ ಅದಕ್ಕೆ ಸಮನಾದುದನ್ನು ವಹಿಸಿಕೊಡಬೇಕೆಂದು ಕೋರುತ್ತೇನೆ.’ ಬಹಳಷ್ಟು ಕಂಪನಿಗಳ ದನಿ ಈ ಇಮೇಲ್ ತಲುಪಿದ ಮರುದಿನವೇ ಮೆತ್ತಗಾಗುತ್ತದೆ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರಜೆ ಮಂಜೂರಾತಿ, ಹಿಂದಿನ ವರ್ಷಗಳ ಮೌಲ್ಯಮಾಪನ ಇವುಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಆದರೆ ಕಂಪನಿಯ ಕೆಲಸದ ಕಡತಗಳನ್ನು ಸ್ವಂತ ಇಮೇಲಿಗೆ ಕಳುಹಿಸಿಕೊಳ್ಳಬೇಡಿ, ನಿಮ್ಮನ್ನು ತೆಗೆದುಹಾಕಲು ಅದೇ ನೆಪವಾದೀತು. ಉತ್ತರ ಬಾರದಿದ್ದರೆ ಅಥವಾ ಒತ್ತಡ ಹೆಚ್ಚಿದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ಬೆಂಗಳೂರಿನಲ್ಲಿ ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಇಷ್ಟೆಲ್ಲ ಆದ ಮೇಲೂ, ಆ ಜಾಗದಲ್ಲಿ ಮುಂದುವರಿಯಲು ಮನಸ್ಸೇ ಇಲ್ಲವೆನಿಸಿದರೆ ಹೊರಡಿ, ಅದರಲ್ಲಿ ಸೋಲೇನೂ ಇಲ್ಲ. ಆದರೆ ಬೇರೆ ಕೆಲಸ ಕೈಗೆ ಬಂದ ಮೇಲೆ, ಲೆಕ್ಕ ಮುಗಿಸಿಕೊಂಡು ಹೊರಡಿ. ಐದು ವರ್ಷ ದಾಟಿರುವುದರಿಂದ ನಿಮಗೆ ಗ್ರಾಚುಟಿ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಲ್ಲಬೇಕು: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತ. ಹೆರಿಗೆ ರಜೆಯ ಅವಧಿಯೂ ಈ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಕಳೆದು ಲೆಕ್ಕ ಹಾಕುವವರಿದ್ದಾರೆ, ಎಚ್ಚರವಿರಲಿ. ಅತ್ತೆಯವರ ಮೇಲೆ ಬೇಸರಿಸಬೇಡಿ. ರಾತ್ರಿ ಮಗುವಿನೊಂದಿಗೆ ನೀವು ಎಚ್ಚರವಾಗಿರುವುದನ್ನು ನೋಡಿ ಅವರು ಹಾಗೆಂದಿರಬಹುದು.

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿ ಎರಡು ಸಂದರ್ಶನಗಳಿಗೆ ಹೋಗಿದ್ದೆ. ಎರಡರಲ್ಲೂ ‘ಮದುವೆ ಯಾವಾಗ?’ ಎಂದು ಕೇಳಿದರು. ಏನು ಹೇಳಬೇಕಿತ್ತು?
– ಓದುಗರು, ಕಲಬುರಗಿ

ಉತ್ತರ: ಜಗಳಕ್ಕೂ ಇಳಿಯದೆ, ಮನೆಯ ವಿಷಯವನ್ನೂ ಬಿಚ್ಚಿಡದೆ, ‘ಈ ಹುದ್ದೆಯಲ್ಲಿ ಎಷ್ಟು ವರ್ಷ ಇರುತ್ತೇನೆ ಎಂಬುದು ನಿಮ್ಮ ಕಾಳಜಿಯಾದರೆ, ಕನಿಷ್ಠ ಮೂರು ವರ್ಷದ ಯೋಜನೆ ಇಟ್ಟುಕೊಂಡೇ ಬಂದಿದ್ದೇನೆ’ ಎಂದು ಹೇಳಿ, ಕೆಲಸದ ಬಗ್ಗೆ ನೀವೇ ಒಂದು ಪ್ರಶ್ನೆ ಕೇಳಿ. ಅವರು ಮತ್ತೆ ಮದುವೆಗೇ ಮರಳಿದರೆ, ಸಂದರ್ಶನ ನಡೆಸುತ್ತಿರುವವರು ನೀವು ಎಂದು ತಿಳಿಯಿರಿ. ಅಂಥ ಕಚೇರಿಯನ್ನು ಅನುತ್ತೀರ್ಣಗೊಳಿಸುವ ಸ್ವಾತಂತ್ರ್ಯ ನಿಮಗಿದೆ.

ಪ್ರಶ್ನೆ: ನಾನು ಬಿ.ಕಾಂ. ಪದವೀಧರೆ, ವಯಸ್ಸು 38. ಎರಡನೆಯ ಮಗುವಾದಾಗ, 2017ರ ಏಪ್ರಿಲಿನಲ್ಲಿ, ಅಕೌಂಟೆಂಟ್ ಕೆಲಸ ಬಿಟ್ಟೆ. ಆಮೇಲೆ ಜಿಎಸ್‌ಟಿ ಬಂತು, ಎಲ್ಲವೂ ಬದಲಾಯಿತು. ಈಗ ಕೆಲಸಕ್ಕೆ ಸೇರಬೇಕೆಂದಿದ್ದೇನೆ, ಆದರೆ ಇಷ್ಟು ವರ್ಷ ಏನೂ ಮಾಡಿಲ್ಲ. ಸಂಜೆ ಹೊತ್ತು ಮೈದುನನ ಗೊಬ್ಬರದ ಅಂಗಡಿಯ ಲೆಕ್ಕ ಬರೆದುಕೊಡುತ್ತೇನೆ, ಅಷ್ಟೆ. ಬಯೋಡೇಟಾದಲ್ಲಿ ಏನು ಬರೆಯಲಿ?
– ಓದುಗರು, ದಾವಣಗೆರೆ

ಉತ್ತರ: ‘ಅಷ್ಟೆ’ ಎಂದಿರುವಿರಲ್ಲ, ಆ ಮಾತನ್ನು ಹೊಡೆದುಹಾಕಿ ಪತ್ರವನ್ನು ಇನ್ನೊಮ್ಮೆ ಓದಿಕೊಳ್ಳಿ. ಗೊಬ್ಬರದ ಅಂಗಡಿಯ ಲೆಕ್ಕವೆಂದರೆ ಕಿರ್ದಿ ಬರೆದು ಮುಚ್ಚಿಡುವ ಕೆಲಸವಲ್ಲ. ಸಬ್ಸಿಡಿಯ ಗೊಬ್ಬರ ಪಿಒಎಸ್ ಯಂತ್ರದಲ್ಲಿ ರೈತರ ಆಧಾರ್ ಪಡೆದು ಮಾರಾಟವಾಗಬೇಕು, ಯಂತ್ರ ತೋರಿಸುವ ದಾಸ್ತಾನಿಗೂ ಗೋದಾಮಿನಲ್ಲಿರುವ ಚೀಲಗಳಿಗೂ ತಾಳೆಯಾಗಬೇಕು. ಮುಂಗಾರಿನಲ್ಲಿ ಉದ್ರಿ ಕೊಟ್ಟಿದ್ದು ಸುಗ್ಗಿಯ ಮೇಲೆ ವಸೂಲಾಗುತ್ತದೆ, ಆ ನಡುವೆ ಗೊಬ್ಬರದ ಕಂಪನಿಗೆ ಕಟ್ಟಬೇಕಾದ ಹಣದ ವಾಯಿದೆ ನಿಲ್ಲುವುದಿಲ್ಲ. ಇದನ್ನು ಸರಿದೂಗಿಸಿ ಬರೆಯುವವರಿಗೆ ದಾಸ್ತಾನು, ಸಾಲಗಾರರ ಖಾತೆ, ಖರೀದಿಯ ತೆರಿಗೆ ಎಲ್ಲವೂ ಕೈಗೆ ಬಂದಿರುತ್ತದೆ. ಆದರೆ ಅದು ಮನೆಯವರ ಅಂಗಡಿ ಎಂಬ ಕಾರಣಕ್ಕೆ ಯಾರೂ, ಮೊದಲಿಗೆ ನೀವೇ, ಅದನ್ನು ಕೆಲಸವೆಂದು ಎಣಿಸಿಲ್ಲ.

ಮೈದುನರೊಂದಿಗೆ ಕುಳಿತು ಮಾತನಾಡಿ. ತಿಂಗಳಿಗೆ ಇಷ್ಟೆಂದು, ಮೊತ್ತ ಸಣ್ಣದಾದರೂ ಸರಿ, ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾಗಲಿ. ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರವೂ ಸಿಗಲಿ. ಕೇಳಲು ಮುಜುಗರವಾಗುತ್ತದೆಂದು ಬಲ್ಲೆ. ಹೊರಗಿನವರನ್ನು ಇಟ್ಟುಕೊಂಡಿದ್ದರೆ ಸಂಬಳ ಕೊಡಬೇಕಿತ್ತು ಎಂಬುದು ಮೈದುನರಿಗೂ ಗೊತ್ತಿರುತ್ತದೆ.

ಇನ್ನು ಜಿಎಸ್‌ಟಿಯ ಭಯ. ಅದು ಜಾರಿಗೆ ಬಂದದ್ದು 2017ರ ಜುಲೈ 1ರಂದು, ಅಂದರೆ ನೀವು ಹೊರಟ ಮೂರು ತಿಂಗಳಿಗೆ. ಒಳಗಿದ್ದವರೂ ಅಂದು ಅ ಆ ಇ ಈಯಿಂದಲೇ ಕಲಿತವರು. 2025ರ ಸೆಪ್ಟೆಂಬರ್ 22ರಿಂದ ದರಗಳೇ ಬದಲಾಗಿ, ಬಹುತೇಕ ಸರಕುಗಳು ಶೇ 5 ಮತ್ತು ಶೇ 18ರ ಎರಡು ಹಂತಗಳಿಗೆ ಬಂದವು, ಆಗಲೂ ಎಲ್ಲರೂ ಮತ್ತೆ ಕಲಿಯಬೇಕಾಯಿತು. ಲೆಕ್ಕಪತ್ರದ ಕಚೇರಿಗಳಿಗೆ ತಮ್ಮದೇ ಪಂಚಾಂಗವಿದೆ: ಪ್ರತಿ ತಿಂಗಳ 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). ಈ ನಾಲ್ಕು ತಾರೀಖುಗಳ ಆಸುಪಾಸಿನಲ್ಲಿ ಯಾವ ತೆರಿಗೆ ಸಲಹೆಗಾರರ ಕಚೇರಿಗೂ ಕೈ ಸಾಲುವುದಿಲ್ಲ. ಆ ದಿನಗಳಿಗೆ ಮಾತ್ರ ಬರುತ್ತೇನೆಂದು ಕೇಳಿನೋಡಿ. ಎರಡು ಮೂರು ತಿಂಗಳು ಇನ್‌ವಾಯ್ಸುಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ತುಂಬಿ, ರಿಟರ್ನ್ ಸಲ್ಲಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದರೆ, ದುಬಾರಿ ಕೋರ್ಸಿಗಿಂತ ಹೆಚ್ಚು ಬರುತ್ತದೆ. ಆದರೆ ‘ಕಲಿಯುವವರಿಗೆ ಸಂಬಳವೇಕೆ’ ಎನ್ನುವ ಕಡೆ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಬೇಡಿ.

ಬಯೋಡೇಟಾದಲ್ಲಿ ವರ್ಷಗಳನ್ನು ಮರೆಮಾಚುವ ಅಗತ್ಯವಿಲ್ಲ. ‘2017ರಿಂದ ಕುಟುಂಬದ ಹೊಣೆ, ಇಂಥ ವರ್ಷದಿಂದ ರಸಗೊಬ್ಬರ ಮಾರಾಟ ಮಳಿಗೆಯ ಲೆಕ್ಕಪತ್ರ ಮತ್ತು ದಾಸ್ತಾನು ನಿರ್ವಹಣೆ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿ.

ಪ್ರಶ್ನೆ: ಏಳು ಮಂದಿ ಇರುವ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಮಾಲೀಕರು ರಾತ್ರಿ ಹೊತ್ತು ಸಲ್ಲದ ಸಂದೇಶಗಳನ್ನು ಕಳುಹಿಸುತ್ತಾರೆ. ಕಳೆದ ತಿಂಗಳು ಮೈಮುಟ್ಟಿ ಮಾತನಾಡಿದರು. ಸಣ್ಣ ಜಾಗವಾದ್ದರಿಂದ ಸಮಿತಿ ಗಿಮಿತಿ ಏನೂ ಇಲ್ಲ. ಕೆಲಸ ಬಿಡುವುದೊಂದೇ ದಾರಿಯೆ?
– ಓದುಗರು, ಉಡುಪಿ

ಉತ್ತರ: ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಆಗಿದ್ದರೆ, ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇರಬೇಕು. ನಿಮ್ಮದು ಎರಡೂ ಕಾರಣಗಳಿಂದ ಅಲ್ಲಿಗೇ ಸಲ್ಲುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ನಿಮಗೆ ನಾನು ಒತ್ತಿ ಹೇಳಬೇಕಾದದ್ದು ಗಡುವನ್ನು. ಕೊನೆಯ ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಹೋಗಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದಾದರೂ ಅದನ್ನು ನೆಚ್ಚಿ ಕೂರಬೇಡಿ. ಆ ಸಂದೇಶಗಳನ್ನು ಅಸಹ್ಯವೆಂದು ಅಳಿಸಬೇಡಿ. ತಾರೀಖು ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ನಂಬಿಕೆಯ ಒಬ್ಬರ ಬಳಿಯೂ ಒಂದು ಪ್ರತಿ ಇಡಿ. ಕಳೆದ ತಿಂಗಳ ಘಟನೆಯನ್ನು ಇಂದೇ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಆಗ ಹೊರಗೆ ಯಾರಿದ್ದರು. ‘ಇಷ್ಟು ಹಣ ತೆಗೆದುಕೊಂಡು ಮುಗಿಸಿಬಿಡಿ’ ಎಂದು ಯಾರಾದರೂ ಮಧ್ಯಸ್ಥಿಕೆಗೆ ಬಂದರೆ, ರಾಜಿಯನ್ನು ನೀವಾಗಿ ಕೇಳಿದಾಗ ಮಾತ್ರ ಸಮಿತಿ ಮಾಡಿಸಬಹುದು, ಅದೂ ಹಣದ ಆಧಾರದ ಮೇಲೆ ಆಗುವಂತಿಲ್ಲ ಎಂಬುದು ನೆನಪಿರಲಿ. ಬೇರೆ ಲ್ಯಾಬುಗಳಲ್ಲಿ ಕೆಲಸ ಹುಡುಕುವುದನ್ನೂ ಜೊತೆಯಲ್ಲೇ ಶುರುಮಾಡಿ. ಕೆಲಸ ಬಿಟ್ಟರೂ ದೂರು ನಿಲ್ಲುತ್ತದೆ.

ಪ್ರಶ್ನೆ: ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ಮೂರು ಕಾರ್ಖಾನೆಗಳಲ್ಲಿ ಸೇರಿ ಹನ್ನೊಂದು ವರ್ಷ ದುಡಿದಿದ್ದಾರೆ, ಈಗ ವಯಸ್ಸು 46. ಹಳೆಯ ಎರಡು ಕಾರ್ಖಾನೆಗಳ ಪಿಎಫ್ ಹಾಗೇ ಇದೆ. ಜೊತೆಯವರು ‘ಎಲ್ಲ ತೆಗೆದುಬಿಡು, ಆಮೇಲೆ ಸಿಗೋದಿಲ್ಲ’ ಎನ್ನುತ್ತಾರೆ. ತೆಗೆಸಬಹುದೆ?
– ಓದುಗರು, ಕನಕಪುರ

ಉತ್ತರ: ಜೊತೆಯವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಸಾವಿರಗಟ್ಟಲೆ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ‘ನಮ್ಮ ದುಡ್ಡು ನಮ್ಮ ಕೈಗೆ’ ಎಂಬ ಹಟ ಅಂದಿನಿಂದ ಗಟ್ಟಿಯಾಗಿದೆ, ಅದು ನ್ಯಾಯವೂ ಹೌದು.

ಆದರೂ ಅಮ್ಮನ ವಿಷಯದಲ್ಲಿ ತೆಗೆಸಬೇಡಿ ಎಂದೇ ಹೇಳುತ್ತೇನೆ. ಪಿಎಫ್‌ನೊಳಗೆ ಪಿಂಚಣಿಯ ಪಾಲೊಂದು ಇದೆ, ಹತ್ತು ವರ್ಷ ಸೇವೆ ತುಂಬಿದವರಿಗೆ 58ರಿಂದ ಅದು ತಿಂಗಳು ತಿಂಗಳು ಬರುತ್ತದೆ. ಮೂರೂ ಕಡೆಯ ಸೇವೆ ಕೂಡಿದರೆ ಅಮ್ಮ ಈಗಾಗಲೇ ಆ ಗೆರೆ ದಾಟಿದ್ದಾರೆ. ಹಳೆಯ ಎರಡರ ಪಿಂಚಣಿ ಹಣ ತೆಗೆದರೆ ಮತ್ತೆ ಗೆರೆಯ ಈಚೆಗೆ ಬೀಳುತ್ತಾರೆ. ಪಿಂಚಣಿಗೆ ಲೆಕ್ಕ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ. ವೇತನ 14,000 ರೂಪಾಯಿ ಎಂದಿಟ್ಟುಕೊಂಡರೂ ಹನ್ನೊಂದು ವರ್ಷಕ್ಕೆ 2,200 ರೂಪಾಯಿ, 58ರವರೆಗೆ ದುಡಿದು 23 ವರ್ಷವಾದರೆ ಸುಮಾರು 4,600 ರೂಪಾಯಿ. ದೊಡ್ಡ ಹಣವಲ್ಲ, ಆದರೆ ಯಾರ ಮುಂದೆಯೂ ಕೈಚಾಚದೆ ಬರುವ ಹಣ.

ಹಳೆಯ ಖಾತೆಗಳನ್ನು ಈಗಿನ ಯುಎಎನ್‌ಗೆ (ನೌಕರರೊಬ್ಬರ ಎಲ್ಲ ಪಿಎಫ್ ಖಾತೆಗಳಿಗೂ ಇರುವ ಒಂದೇ ಸಂಖ್ಯೆ) ವರ್ಗಾಯಿಸಿ. ಅದಕ್ಕೆ ಮೊದಲು ಒಂದು ಭಾನುವಾರ ಅಮ್ಮನ ಜೊತೆ ಕುಳಿತು, ಆಧಾರ್‌ನಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ಮತ್ತು ಮೂರೂ ಕಾರ್ಖಾನೆಗಳ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನ ಹೇಗಿದೆ ಎಂದು ಒಂದೇ ಹಾಳೆಯಲ್ಲಿ ಬರೆದು ನೋಡಿ. ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಲಕ್ಷ್ಮಮ್ಮ, ಮತ್ತೊಂದು ಕಡೆ ಇನಿಷಿಯಲ್ ಹಿಂದುಮುಂದು ಎಂಬಂಥ ಸಣ್ಣ ವ್ಯತ್ಯಾಸಕ್ಕೇ ಅರ್ಜಿಗಳು ವಾಪಸು ಬರುತ್ತವೆ. ಹಳೆಯ ಕಾರ್ಖಾನೆ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿದೆಯೇ ಎಂಬುದನ್ನೂ ನೋಡಿ. ನಾಮಿನಿಯ ಜಾಗದಲ್ಲಿ ಯಾರ ಹೆಸರಿದೆ ಎಂದು ಕಡೆಯಲ್ಲಿ ಪರೀಕ್ಷಿಸಿ. ತೀರಿಹೋದವರ ಹೆಸರು ವರ್ಷಗಟ್ಟಲೆ ಅಲ್ಲೇ ಉಳಿದಿರುವುದನ್ನು ನಾನು ಎಷ್ಟೋ ಕಡತಗಳಲ್ಲಿ ಕಂಡಿದ್ದೇನೆ.