ಹೊಟ್ಟೆಯ ಕೊಬ್ಬು, ದವಡೆಯ ಮೂಳೆ

ಪ್ರಶ್ನೆ: ಡಾಕ್ಟ್ರೇ, ನನಗೆ 56 ವರ್ಷ. ನಾಲ್ಕು ವರ್ಷದ ಹಿಂದೆ ಕೆಳಗಿನ ದವಡೆಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು) ಹಾಕಿಸಿದೆ. ಈಗ ಬ್ರಷ್ ತಾಗಿದರೆ ರಕ್ತ, ಒತ್ತಿದರೆ ಕೀವು. ಎಕ್ಸ್‌ರೇ ನೋಡಿ ಸುತ್ತಲಿನ ಮೂಳೆ ಕರಗಿದೆ ಅಂದರು. ಹೊಟ್ಟೆಯ ಕೊಬ್ಬು ತೆಗೆದು ಅಲ್ಲಿ ತುಂಬಿದರೆ ಹೊಸ ಮೂಳೆ ಬರುತ್ತಂತೆ, ಒಂದೂವರೆ ಲಕ್ಷ ಆಗುತ್ತಂತೆ. ಮಾಡಿಸಲಾ? ಸಕ್ಕರೆ ಕಾಯಿಲೆ ಇದೆ. ಬೀಡಿ ಬಿಟ್ಟಿಲ್ಲ.
– ಹೆಸರು ಬೇಡ ಎಂದವರು, ಅರಸೀಕೆರೆ

ಉತ್ತರ: ಯಜಮಾನರೇ, ಬೀಡಿಯನ್ನು ಕೊನೇ ಸಾಲಿಗೆ ತಳ್ಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಕೊಬ್ಬಿನ ವಿಷಯ.

ನಿಮಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಕೊಬ್ಬೇ ಮೂಳೆಯಾಗುವುದಿಲ್ಲ. ಅದರೊಳಗೆ ಅಡಗಿರುವ ಕಾಂಡಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು, ಮಾತ್ರ ಮೂಳೆ ಕಟ್ಟಬಲ್ಲವು. ಹೀರಿ ತೆಗೆದ ಕೊಬ್ಬನ್ನು ತೊಳೆದು, ಕಿಣ್ವ ಹಾಕಿ, ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಮಜ್ಜಿಗೆ ಕಡೆದರೆ ಬೆಣ್ಣೆ ಮೇಲೆ ಬರುತ್ತದೆ, ಅಲ್ವಾ? ಇಲ್ಲೂ ಹಳದಿ ಕೊಬ್ಬು ಮೇಲೆ ತೇಲುತ್ತದೆ. ಆದರೆ ನಮಗೆ ಬೇಕಾದದ್ದು ತಳದಲ್ಲಿ ಕೂತ ಚಿಟಿಕೆಯಷ್ಟು ಗಸಿ. ಆ ಕೋಶಗಳೆಲ್ಲ ಅದರಲ್ಲಿವೆ.

ಫಿನ್ಲೆಂಡಿನಲ್ಲಿ ಮೇಲ್ದವಡೆಯ ಒಂದು ಪಕ್ಕ ಕಳೆದುಕೊಂಡಿದ್ದ 65 ವರ್ಷದ ಒಬ್ಬರಿಗೆ ಹೀಗೆ ಮೂಳೆ ಬೆಳೆಸಿದರು. ಅವರದೇ ಕೊಬ್ಬಿನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಮತ್ತು ಮೂಳೆ ಬೆಳೆಸುವ ಪ್ರೋಟೀನ್ ಬೆರೆಸಿ, ಟೈಟಾನಿಯಂ ಗೂಡಿನಲ್ಲಿ ತುಂಬಿದರು. ಆ ಗೂಡು ಎಂಟು ತಿಂಗಳು ಅವರ ಹೊಟ್ಟೆಯ ಸ್ನಾಯುವಿನಲ್ಲೇ ಇತ್ತು! ಆಮೇಲೆ ಅದನ್ನು ಮುಖಕ್ಕೆ ತಂದು ಕೂರಿಸಿದರು. 2009ರಲ್ಲಿ ಇದು ವೈದ್ಯಪತ್ರಿಕೆಯಲ್ಲಿ ಬಂತು. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನವರು 10 ಜನರ ಮೇಲ್ದವಡೆಯಲ್ಲಿ ಕೊಬ್ಬಿನ ಕೋಶ ಬಳಸಿದ್ದನ್ನು ವರದಿ ಮಾಡಿದರು. ಅಲ್ಲೂ ಒಳ್ಳೆಯ ಫಲ ಕಂಡಿತ್ತು.

ಎರಡು ಕಡೆಯೂ ಮೊದಲು ಮೂಳೆ, ಆಮೇಲೆ ಇಂಪ್ಲಾಂಟ್. ನಿಮ್ಮದು ತಿರುಗುಮುರುಗು. ಇಂಪ್ಲಾಂಟ್ ಆಗಲೇ ನಿಂತಿದೆ, ಅದರ ಸುತ್ತ ಕೀವಿದೆ. ಪಾಚಿ ಕಟ್ಟಿದ ಗೋಡೆಗೆ ಗಾರೆ ಮೆತ್ತಿದರೆ ಹಿಡಿಯುತ್ತದಾ? ಸ್ಕ್ರೂ ಮೇಲೆ ಬ್ಯಾಕ್ಟೀರಿಯಾದ ಪದರ ಇರುವವರೆಗೆ ಯಾವ ಕೋಶ ತುಂಬಿದರೂ ಸುಮ್ನೆ ದಂಡ.

ಇನ್ನು ದುಡ್ಡು. ನಮ್ಮ ದೇಶದಲ್ಲಿ ಕಾಂಡಕೋಶದ ಇಂಥ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಮಾಡಬೇಕು, ರೋಗಿಯಿಂದ ಹಣ ಕೇಳಬಾರದು. ‘ಟ್ರಯಲ್ ನೋಂದಣಿ ಸಂಖ್ಯೆ ಕೊಡಿ’ ಎಂದು ಕೇಳಿ ನೋಡಿ. ಮಾತು ಬದಲಿಸಿದರೆ ಎದ್ದು ಬನ್ನಿ.

ನನ್ನ ಹತ್ತಿರ ಬರುವ ಮೇಷ್ಟ್ರೊಬ್ಬರು ‘ಹೊಟ್ಟೆಯೂ ಕರಗುತ್ತೆ, ಹಲ್ಲೂ ನಿಲ್ಲುತ್ತೆ, ಒಳ್ಳೇದೇ ಅಲ್ವಾ’ ಎಂದು ನಕ್ಕಿದ್ದರು. ಅವರಿಗೂ ಬೀಡಿ ಬಿಡಿ ಅಂದೆ. ಹೊಗೆ ವಸಡಿಗೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತದೆ, ಸಕ್ಕರೆ ಜಾಸ್ತಿಯಿದ್ದರೆ ಗಾಯ ಮಾಯುವುದಿಲ್ಲ. ಎರಡೂ ಸೇರಿ ಮೂಳೆ ತಿನ್ನುತ್ತಿವೆ.

ಮೂರು ತಿಂಗಳ ಸರಾಸರಿ ಸಕ್ಕರೆ ಪರೀಕ್ಷೆ ಮಾಡಿಸಿ. ವಸಡಿನ ತಜ್ಞರ ಹತ್ತಿರ ಇಂಪ್ಲಾಂಟ್ ಸುತ್ತ ಚೆನ್ನಾಗಿ ಶುಚಿ ಮಾಡಿಸಿ. ಕರಗಿದ ಜಾಗ ಬಾವಿಯಂತೆ ಗೋಡೆ ಉಳಿಸಿಕೊಂಡಿದ್ದರೆ ಮೂಳೆಪುಡಿ ತುಂಬಿ ನೋಡಬಹುದು. ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ತೆಗೆಸಬೇಕಾಗುತ್ತದೆ. ಹೋಗುವಾಗ ಇಂಪ್ಲಾಂಟ್ ಹಾಕಿಸಿದ ವರ್ಷದ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ. ಮೂಳೆ ಎಷ್ಟು ಇಳಿದಿದೆ ಎಂದು ಹೊಸದರ ಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತದೆ.